ನಾನು ಅಳಿಸಿದ ಶಾರ್ಟ್‌ಕಟ್

ರೇಣುಕಾ ಅವರೇ, ಅವತ್ತು ಕಾಲೇಜಿನ ಕಂಪ್ಯೂಟರುಗಳನ್ನೆಲ್ಲ ನೆಟ್‌ವರ್ಕಿಗೆ ಜೋಡಿಸುವ ಮುಖ್ಯ ಸ್ವಿಚ್ ರೀಸ್ಟಾರ್ಟ್ ಆಗಿದ್ದು ನಿಮ್ಮಿಂದಲ್ಲ, ನನ್ನಿಂದ. ಇದು ನನಗೆ ಅವತ್ತೇ ಗೊತ್ತಿತ್ತು — ನಿಮ್ಮನ್ನು ಕೆಲಸದಿಂದ ತೆಗೆಯುವ ಮೊದಲೇ ಗೊತ್ತಿತ್ತು.

ಯಶವಂತಪುರಕ್ಕೆ ಆಗಿನ್ನೂ ಮೆಟ್ರೊ ಬಂದಿರಲಿಲ್ಲ. ಹೆಬ್ಬಾಳದ ಕಡೆಯ ಆ ಕಾಲೇಜಿನ ನೆಟ್‌ವರ್ಕ್ ಕೋಣೆಗೆ ನಾನೇ ದೊಣ್ಣೆನಾಯಕ. ಬಾಗಲಕೋಟೆಯಿಂದ ಬಂದು ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡಿದ್ದ ನೀವು ಆಗಷ್ಟೇ ಸೇರಿದ್ದಿರಿ, ಕೆಲಸ ಕಾಯಂ ಆಗಿರಲಿಲ್ಲ. ಒಂದೊಂದು ಕಮಾಂಡನ್ನೂ ಪೂರ್ತಿ ಟೈಪ್ ಮಾಡುತ್ತಿದ್ದಿರಿ. ನನಗೆ ನಗು.

"ಇಷ್ಟುದ್ದ ಯಾಕ್ರೀ? ಎಲ್ಲಾ ಸ್ವಿಚ್‌ಗೂ ಶಾರ್ಟ್‌ಕಟ್ ಮಾಡಿಟ್ಟಿದ್ದೀನಿ. ಪಿಎಸ್ ಅಂತ ಹೊಡೀರಿ, ಯಾವ ಪೋರ್ಟ್ ನಡೀತಿದೆ, ಯಾವ್ದು ಇಲ್ಲ, ಎಲ್ಲಾ ಬರುತ್ತೆ. ಮಧ್ಯ ನಿಂತ್ರೆ ಎಂಟರ್ ಒತ್ತಿ, ಅಷ್ಟೇ."

ನೀವು ನಂಬಿ ಕಲಿತಿರಿ. ನಾನು ಹೇಳದೆ ಬಿಟ್ಟಿದ್ದು ಒಂದಿತ್ತು. ಹಾಸ್ಟೆಲ್‌ನ ಹಳೇ ಸ್ವಿಚ್ ಪದೇ ಪದೇ ಹ್ಯಾಂಗ್ ಆಗುತ್ತಿತ್ತಲ್ಲ — ಅದರಲ್ಲಿ ನೋಡುವುದೇನಿದೆ ಮಣ್ಣು ಎಂದುಕೊಂಡು, ಅದೊಂದರಲ್ಲಿ ಮಾತ್ರ ಅದೇ ಪಿಎಸ್‌ಗೆ ರೀಸ್ಟಾರ್ಟ್ ಕಮಾಂಡನ್ನು ಕೊಟ್ಟುಬಿಟ್ಟಿದ್ದೆ. ಬೆರಳಿಗೆ ರೂಢಿಯಾದ ಅಕ್ಷರ, ಬೇರೆ ಯಾಕೆ ಹುಡುಕಲಿ ಎಂಬ ಸೋಮಾರಿತನ. ಆಮೇಲೆ ಕಾಲೇಜಿಗೆ ಹೊಸ ಮುಖ್ಯ ಸ್ವಿಚ್ ಬಂತು. ಕೈಗೆ ಸಿಕ್ಕ ಫೈಲಿನಿಂದ ಶಾರ್ಟ್‌ಕಟ್‌ಗಳನ್ನು ಕಾಪಿ ಮಾಡಿ ಅದಕ್ಕೆ ಸುರಿದೆ. ಅದು ಹಾಸ್ಟೆಲ್ ಸ್ವಿಚ್‌ನ ಫೈಲು. ಓದಿಯೂ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಆನ್‌ಲೈನ್ ಪರೀಕ್ಷೆ ನಡೆಯುತ್ತಿತ್ತು. ಪೋರ್ಟ್‌ಗಳೆಲ್ಲ ಸರಿ ಇವೆಯೇ ಎಂದು ನೋಡಲು ನೀವು ಮುಖ್ಯ ಸ್ವಿಚ್‌ನಲ್ಲಿ ಪಿಎಸ್ ಹೊಡೆದಿರಿ. ಪರದೆ ನಿಂತಿತು. ರೀಸ್ಟಾರ್ಟ್ ಮಾಡಲೇ ಎಂದು ಅದು ಕೇಳುತ್ತಿತ್ತು — ಆದರೆ ನಿಂತರೆ ಎಂಟರ್ ಒತ್ತಿ ಎಂದು ಕಲಿಸಿದವನೇ ನಾನು. ನೀವು ಒತ್ತಿದಿರಿ. ಪರೀಕ್ಷೆ ಅರ್ಧಕ್ಕೇ ನಿಂತಿತು, ಹುಡುಗರು ಕಾರಿಡಾರಿಗೆ ಬಂದು ಗಲಾಟೆ ಶುರುಮಾಡಿದರು.

ಯಾರು ಯಾವ ಕಮಾಂಡ್ ಕೊಟ್ಟರೆಂದು ದಾಖಲಿಸುವ ಸರ್ವರ್ ಶಾರ್ಟ್‌ಕಟ್ ಬರೆದಿಡುವುದಿಲ್ಲ, ಅದರ ಹಿಂದಿನ ಪೂರ್ತಿ ಕಮಾಂಡನ್ನಷ್ಟೇ ಬರೆದಿಡುತ್ತದೆ. ನಿಮ್ಮ ಹೆಸರಿನ ಮುಂದೆ ರೀಸ್ಟಾರ್ಟ್ ಎಂದಿತ್ತು. ಏನಾಗಿದೆ ಎಂದು ನನಗೆ ತಕ್ಷಣ ಹೊಳೆಯಿತು. ಮ್ಯಾನೇಜರ್ ನಮ್ಮ ಕೋಣೆಗೆ ಬರುವಷ್ಟರಲ್ಲಿ ನಾನು ಆ ಶಾರ್ಟ್‌ಕಟ್ ಅಳಿಸಿ ಸರಿಯಾದದ್ದನ್ನು ಹಾಕಿದ್ದೆ. ದಾಖಲೆ ತೆಗೆದುಕೊಟ್ಟವನೂ ನಾನೇ — ನಿಮ್ಮ ಹೆಸರಿನ ಸಾಲಿನವರೆಗೆ ಮಾತ್ರ, ಅದರ ಕೆಳಗೆ ನಾನು ಅಳಿಸಿದ್ದೂ ದಾಖಲಾಗಿತ್ತು.

"ನಾ ಬರೇ ಪಿಎಸ್ ಹೊಡದೀನ್ರಿ ಸರ್, ಪೋರ್ಟ್ ನೋಡಾಕ," ಎಂದಿರಿ. ಆಮೇಲೆ ನನ್ನ ಕಡೆ ತಿರುಗಿದಿರಿ. "ನೀವರ ಹೇಳ್ರಿ ಸರ್."

ನಾನು ಹೇಳಲಿಲ್ಲ. ಹೇಳದಿದ್ದರೂ ಸಾಕಿತ್ತೇನೋ... ನಾನು ಅದಕ್ಕೂ ಕೆಟ್ಟದ್ದು ಮಾಡಿದೆ. ನಿಮ್ಮೆದುರೇ ಪಿಎಸ್ ಹೊಡೆದು ತೋರಿಸಿದೆ. ಪೋರ್ಟ್‌ಗಳು ಸಾಲಾಗಿ ಬಂದವು. "ನೋಡಿ ಸರ್, ಶಾರ್ಟ್‌ಕಟ್ ಸರಿಯಾಗೇ ಇದೆ. ಗಾಬರೀಲಿ ಇನ್ನೇನೋ ಹೊಡೆದಿರ್ಬೇಕು ಇವ್ರು."

ನೀವು ಪರದೆ ನೋಡಿದಿರಿ, ನಿಮ್ಮ ಕೈ ನೋಡಿಕೊಂಡಿರಿ. ಆ ವಾರವೇ ನಿಮ್ಮ ಕೆಲಸ ಹೋಯಿತು. ನನಗೆ ಹೆದರಿಕೆಯಾಗಿತ್ತು, ನಿಜ. ನಿಮಗೂ ಆಗಿತ್ತು, ನೀವು ಸುಳ್ಳು ಹೇಳಲಿಲ್ಲ.

ನೀವು ನನ್ನ ಸುಳ್ಳನ್ನು ಕಂಡುಹಿಡಿದಿರುತ್ತೀರಿ, ಶಾಪ ಹಾಕುತ್ತಿರುತ್ತೀರಿ ಎಂದುಕೊಂಡೇ ಇಷ್ಟು ವರ್ಷ ಕಳೆದೆ. ಹಾಗಂದುಕೊಂಡರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಮೊನ್ನೆ ನಾನೀಗ ಕೆಲಸ ಮಾಡುವ ಆಫೀಸಿಗೆ ಯಲಹಂಕದ ತರಬೇತಿ ಕೇಂದ್ರವೊಂದರಿಂದ ಒಬ್ಬಳು ಇಂಟರ್‌ವ್ಯೂಗೆ ಬಂದಿದ್ದಳು. ಕಮಾಂಡುಗಳನ್ನೆಲ್ಲ ಪೂರ್ತಿ ಟೈಪ್ ಮಾಡಿದಳು. ಶಾರ್ಟ್‌ಕಟ್ ಗೊತ್ತಿಲ್ವಾ ಎಂದು ಕೇಳಿದೆ.

"ಗೊತ್ತು ಸರ್. ನಮ್ ರೇಣುಕಾ ಮೇಡಂ ಬಿಡಲ್ಲ. ಮುಂಚೆ ಕಾಲೇಜೊಂದ್ರಲ್ಲಿ ಶಾರ್ಟ್‌ಕಟ್ ಅಂದ್ಕೊಂಡು ಇನ್ನೇನೋ ಹೊಡ್ದು, ಪರೀಕ್ಷೇನೇ ನಿಲ್ಲಿಸ್ಬಿಟ್ರಂತೆ. ನನ್ ಕೈ ಮೇಲೆ ನಂಗೇ ನಂಬಿಕೆ ಇಲ್ಲ ಅಂತಾರೆ."

ನೀವು ನನ್ನ ಸುಳ್ಳನ್ನು ನಂಬಿದ್ದೀರಿ. ಅದನ್ನೇ ನಿಮ್ಮ ಕಥೆ ಎಂದು ಪಾಠ ಮಾಡುತ್ತಿದ್ದೀರಿ. ಕೆಲಸ ಕಿತ್ತುಕೊಂಡಿದ್ದಕ್ಕಿಂತ ಇದು — ಇದಕ್ಕೆ ಏನು ಹೇಳಲಿ?

ನಾಳೆ ನಿಮ್ಮ ತರಗತಿ ನಡೆಯುವ ಹೊತ್ತಿಗೇ ಯಲಹಂಕಕ್ಕೆ ಬರುತ್ತೇನೆ. ಇದಿಷ್ಟನ್ನೂ ನಿಮ್ಮ ವಿದ್ಯಾರ್ಥಿಗಳ ಎದುರಿಗೇ ಹೇಳಬೇಕು. ಹೊರಗೆ ನಡೀರಿ ಎಂದು ನೀವು ಹೇಳಿದರೆ, ಹೇಳಿ ಮುಗಿಸಿದ ಮೇಲೆ ನಡೆಯುತ್ತೇನೆ.