ಗೇರೆಣ್ಣೆ ಬಳಿದ ಜೀಪು

ನನ್ನ ಮೊಮ್ಮಗಳ ಕೆಲಸ ಖಾಯಂ ಆಯಿತು. ಇದನ್ನು ಹೇಳಿದ ಮೇಲೆಯೇ ಉಳಿದ ಮಾತು. ಕಾರವಾರದಲ್ಲಿ ಗಾಡಿಗಳ ವೈರ್‌ಲೆಸ್ ಸೆಟ್ಟು ರಿಪೇರಿ ಮಾಡುವ ವರ್ಕ್‌ಶಾಪಿನವರು, ಕೆಲಸ ನೋಡಿ ಇಟ್ಟುಕೊಳ್ಳುತ್ತೇವೆ ಎಂದು ಅವಳನ್ನು ಆರು ತಿಂಗಳು ಕಾಯಿಸಿದ್ದರು. ಇಂದು ಕಾಗದ ಕೈಗೆ ಬಂತು. ನಾಲ್ಕನೆಯ ಇಯತ್ತೆ ದಾಟದ ನಾನು ಅಕ್ಷರ ಕೂಡಿಸಿ ಕೂಡಿಸಿ ಅದನ್ನು ಮೂರು ಸಲ ಓದಿದೆ. ನಮ್ಮೂರು ಶೆಟಗೇರಿಯಲ್ಲಿ ಎದುರು ಸಿಕ್ಕವರಿಗೆಲ್ಲ ಹೇಳಿದೆ. ನಿಂತಿದ್ದ ಬಸ್ಸಿನ ಕಂಡಕ್ಟರನಿಗೂ ಹೇಳಿದೆ.

ಅವಳು ಅಂಗಳದಲ್ಲಿ ಕೂತು ಆದದ್ದನ್ನು ಹೇಳುತ್ತಿದ್ದಳು. ಪಕ್ಕದ ಮನೆಯವರು ಮಳೆಗಾಲಕ್ಕೆ ಮೊದಲು ದೋಣಿಗೆ ಗೇರೆಣ್ಣೆ ಬಳಿಯುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆದ ಆ ಕಪ್ಪು ಎಣ್ಣೆಯ ಘಾಟು ಮೂಗಿಗೆ ಬಡಿಯುತ್ತಿತ್ತು...

"ಅಜ್ಜ, ಒಂದು ಗಾಡಿ ಬಂದಿತ್ತು, ಇಂಜಿನ್ ಸುರು ಮಾಡಿದ್ರೆ ಸೆಟ್ಟಲ್ಲಿ ಬರೀ ಕುಂಯ್ ಅಂತ ಕೂಗು. ಮೂರು ಜನ ನೋಡಿ ಕೈಬಿಟ್ಟಿದ್ರು. ನಾನು ಸೀದಾ ಅರ್ಥಿನ ತಂತಿಯ ಬೋಲ್ಟು ಬಿಚ್ಚಿದೆ. ಅದರಡಿಗೆ ಬಣ್ಣ ಕೂತಿತ್ತು. ಕೆರೆದು ಬಿಗಿದೆ, ಕೂಗು ಹೋಯ್ತು. ಯಾರು ಕಲಿಸಿದ್ದು ಅಂತ ಸಾಹೇಬ್ರು ಕೇಳಿದ್ರು. ನಮ್ಮಜ್ಜ ಅಂದೆ."

ನನ್ನ ಎದೆ ಉಬ್ಬಿತು. ಅದರ ಬೆನ್ನಿಗೇ ಅಂಕೋಲೆ ಪೇಟೆಯ ರೇಡಿಯೋ ರಿಪೇರಿಯವನ ಮುಖ ಕಣ್ಣಮುಂದೆ ಬಂದು ನಿಂತಿತು. ಅವನು ಸತ್ತು ಮೂರು ವರ್ಷ. ಆದರೂ ನನ್ನ ಹೊಟ್ಟೆಕಿಚ್ಚು ಆರಿರಲಿಲ್ಲ.

ಆಗ ನಾನು ಒಂದು ಕಚೇರಿಯ ಜೀಪು ಓಡಿಸುತ್ತಿದ್ದೆ. ಮಳೆಗಾಲದಲ್ಲಿ ರಾಮನಗುಳಿಯ ಕಡೆ ನಿಂತು, ಗಂಗಾವಳಿ ಹೊಳೆಯಲ್ಲಿ ನೀರು ಏರಿದರೆ ಕೆಳಗಿನ ಊರಿಗೆ ತಿಳಿಸಬೇಕೆಂದು ಅದಕ್ಕೆ ವೈರ್‌ಲೆಸ್ ಹಾಕಿಸಿದರು. ಇಂಜಿನ್ ನಿಂತಿದ್ದಾಗ ಮಾತು ಸ್ವಚ್ಛ. ಸುರು ಮಾಡಿದರೆ ಕುಂಯ್ ಎನ್ನುವ ಕೂಗು, ಎಕ್ಸಲೇಟರ್ ಒತ್ತಿದಷ್ಟೂ ಏರುತ್ತಿತ್ತು, ಆಚೆಯವನ ಮಾತು ಅದರಲ್ಲಿ ಮುಳುಗುತ್ತಿತ್ತು. ಮಳೆ ಬೀಳುವುದರೊಳಗೆ ಸರಿಯಾಗದಿದ್ದರೆ ಬೇರೆ ಡ್ರೈವರನನ್ನು ನೋಡುತ್ತೇನೆ ಎಂದರು ಸಾಹೇಬರು. ಮದುವೆಯಾಗಿ ಒಂದು ವರ್ಷ, ಹೆಂಡತಿಗೆ ಏಳು ತಿಂಗಳು. ನಾನು ಪ್ಲಗ್ಗು ಬದಲಿಸಿದೆ, ತಂತಿಗೆ ಬಟ್ಟೆ ಸುತ್ತಿದೆ, ಸೆಟ್ಟನ್ನು ಬಿಚ್ಚಿ ಸೀಟಿನಡಿಗೂ ಇಟ್ಟು ನೋಡಿದೆ. ಕೂಗು ನಿಲ್ಲಲಿಲ್ಲ.

ಕಡೆಗೆ ಸಾಹೇಬರೇ ಆ ರೇಡಿಯೋ ರಿಪೇರಿಯವನನ್ನು ಕರೆಸಿದರು. ನನಗಿಂತ ನಾಲ್ಕೈದು ವರ್ಷ ದೊಡ್ಡವ. ಇಸ್ತ್ರಿ ಅಂಗಿ, ತೆಳ್ಳಗಿನ ಬೆರಳು. ನನ್ನ ಉಗುರಿನಲ್ಲಿ ಸದಾ ಗ್ರೀಸು. ನೋಡಿದ ಕೂಡಲೇ ನನಗೆ ಅವನು ಸೇರಲಿಲ್ಲ.

ಅವನು ಬಾನೆಟ್ಟು ಎತ್ತಲಿಲ್ಲ, ತಂತಿ ಮುಟ್ಟಲಿಲ್ಲ. ಸೆಟ್ಟಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ. "ಒತ್ತು ತಮಾ... ಬಿಡು... ಮತ್ತೆ ಒತ್ತು." ಇಂಜಿನ್ನಿನ ಜೊತೆ ಏರಿ ಇಳಿಯುವ ಕೂಗು ಡೈನಮೋದಿಂದ ಬರುತ್ತದೆ, ಅದಕ್ಕೆ ಹೋಗಲು ಸರಿಯಾದ ದಾರಿ ಸಿಗದೆ ಸೆಟ್ಟಿಗೆ ನುಗ್ಗುತ್ತದೆ ಎಂದ. ಆಮೇಲೆ ಬ್ಯಾಟರಿಯಿಂದ ಜೀಪಿನ ಮೈಗೆ ಬರುವ ಅರ್ಥಿನ ತಂತಿಯನ್ನು ಬೆರಳಲ್ಲಿ ಹಿಡಿದು ಹೋದ. ಬೋಲ್ಟು ಬಿಚ್ಚಿದ. ಅಡಿಯಲ್ಲಿ ಕಪ್ಪಗೆ ಗಟ್ಟಿಯಾಗಿ ಕೂತಿತ್ತು.

"ಇದೆಂತದು ತಮಾ?"

"ಗೇರೆಣ್ಣೆ. ಉಪ್ಪುಗಾಳಿಗೆ ತುಕ್ಕು ಹಿಡೀಬಾರದು ಅಂತ..."

ನಮ್ಮ ಅಪ್ಪ ದೋಣಿಗೆ ಬಳಿಯುತ್ತಿದ್ದ ಹಾಗೆಯೇ ನಾನು ಜೀಪಿನ ಅಡಿಗೆಲ್ಲ ಎರಡು ಕೈ ಬಳಿದಿದ್ದೆ. ಬೋಲ್ಟುಗಳನ್ನೂ ಬಿಚ್ಚಿ, ಒಳಗೂ ಬಳಿದು, ತಿರುಗಿ ಬಿಗಿದಿದ್ದೆ. ಅಂಗೈ ಸುಟ್ಟು ಚರ್ಮ ಸುಲಿದಿತ್ತು. ಅಷ್ಟು ಪ್ರೀತಿಯಿಂದ ಮಾಡಿದ ಕೆಲಸವೇ ತಂತಿಯನ್ನು ತಗಡಿಗೆ ತಾಗದ ಹಾಗೆ ಮಾಡಿತ್ತು.

"ಜೀಪನ್ನ ದೋಣಿ ಮಾಡಿಬಿಟ್ಯಲ ಮಾರಾಯ" ಎಂದು ಮೆಲ್ಲಗೆ ನಕ್ಕ. ಚೂರಿಯಿಂದ ಕೆರೆದ. ತಗಡು ಬೆಳ್ಳಗೆ ಹೊಳೆಯಿತು. ಬಿಗಿದು ಇಂಜಿನ್ ಸುರು ಮಾಡಿದರೆ ಸೆಟ್ಟಿನ ಕೂಗು ಬಾಯಿ ಮುಚ್ಚಿತ್ತು.

ಸಾಹೇಬರು ಬಂದು ಏನಾಗಿತ್ತು ಎಂದರು. ಅವನು ಕೈ ಒರೆಸಿಕೊಳ್ಳುತ್ತ, "ಅರ್ಥಿನದು ಸಾಹೇಬ್ರೇ. ನಿಮ್ಮ ಡ್ರೈವರಿಗೇ ಸುಳಿವು ಸಿಕ್ಕಿತ್ತು, ನಾ ಬರೇ ಬಿಗಿದೆ" ಎಂದ.

ನನ್ನ ಕೆಲಸ ಉಳಿಯಿತು. ಬೈದಿದ್ದರೆ ಅವನನ್ನು ಮರೆತುಬಿಡುತ್ತಿದ್ದೆನೋ ಏನೋ. ಆ ಒಳ್ಳೆಯತನವನ್ನು ನಾನು ಕ್ಷಮಿಸಲಿಲ್ಲ. ಹೆಂಡತಿಗೆ ಮಾತ್ರ ನಿಜ ಹೇಳಿದೆ. ಹೇಳಿದ್ದೇ ತಪ್ಪಾಯಿತು. ಮರುದಿನವೇ ನಮ್ಮ ಮಾವಿನ ಮರದ ಮೊದಲ ಕರಿ ಇಶಾಡ ಹಣ್ಣು ಅವನ ಅಂಗಡಿಗೆ ಹೋಯಿತು. ಅಲ್ಲಿಂದ ಪ್ರತಿ ವರ್ಷ ಮೊದಲ ಬುಟ್ಟಿ ಅವನಿಗೆ, ಆಮೇಲಿನದು ನನಗೆ. ಬುಟ್ಟಿ ಹೊತ್ತುಕೊಂಡು ಹೋಗಬೇಕಾದವನೂ ನಾನೇ. ಅವನು ಹಣ್ಣು ಮೂಸಿ, "ತಂಗಿಗೆ ಹೇಳು, ಈ ವರ್ಷದ್ದು ಇನ್ನೂ ಚಲೋ ಅದೆ" ಎನ್ನುತ್ತಿದ್ದ. ಗೇರೆಣ್ಣೆಯ ಮಾತು ಒಮ್ಮೆಯೂ ಎತ್ತಲಿಲ್ಲ.

ನಾನೂ ಎತ್ತಲಿಲ್ಲ. ಮಕ್ಕಳಿಗೆ, ಮೊಮ್ಮಕ್ಕಳಿಗೆ ಕತೆ ಹೇಳುವಾಗ ಸೆಟ್ಟಿಗೆ ಕಿವಿಯಿಟ್ಟವನೂ ನಾನೇ, ಬೋಲ್ಟು ಕೆರೆದವನೂ ನಾನೇ. ಹೇಳಿ ಹೇಳಿ ಅರ್ಧ ನಂಬಿಯೂ ಬಿಟ್ಟಿದ್ದೆ. ಇಂದು ಆ ಸುಳ್ಳು ಕಾರವಾರದ ಸಾಹೇಬರವರೆಗೆ ಹೋಗಿ ಮುಟ್ಟಿತು...

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು. ಮಗಳು, ಅಳಿಯ, ಮೊಮ್ಮಗಳು, ಎಲ್ಲರಿಗೂ ನಗುವೇ ನಗು. ಹೆಂಡತಿ ಮಾತ್ರ ಬಡಿಸುತ್ತ ನನ್ನನ್ನೇ ನೋಡುತ್ತಿದ್ದಳು. ಎರಡು ತುತ್ತು ಉಂಡು ನಾನು ಎಲ್ಲವನ್ನೂ ಹೇಳಿಬಿಟ್ಟೆ.

ಮೊಮ್ಮಗಳು ಕೈಯ ತುತ್ತನ್ನು ತಾಟಿಗೆ ಇಳಿಸಿದಳು. "ಹಂಗಾರೆ ಅಜ್ಜ, ನೀನು ಕಲಿಸಿದ್ದು ಎಂತದು? ಗೇರೆಣ್ಣೆ ಬಳಿಯೂದಾ?" ಎಂದಳು. ಅಳಿಯನಿಗೆ ಸಾರು ನೆತ್ತಿಗೆ ಹತ್ತಿತು.

"ನಾಳೆ ಸಾಹೇಬ್ರ ಹತ್ರ ಅವನ ಹೆಸರು ಹೇಳು" ಎಂದೆ. ಅಷ್ಟು ಹೇಳುವಾಗಲೂ ಹೊಟ್ಟೆಕಿಚ್ಚು ಪೂರ್ತಿ ಆರಿರಲಿಲ್ಲ.

ಹೆಂಡತಿ ಒಳಗೆ ಹೋಗಿ ಈ ವರ್ಷದ ಮೊದಲ ಕರಿ ಇಶಾಡ ತಂದು ಕೊಯ್ದಳು. ಅವನು ಹೋದ ಮೇಲೆ ಮೊದಲ ಹಣ್ಣನ್ನು ಅವಳು ದೇವರ ಮುಂದೆ ಇಡುತ್ತಿದ್ದಳು, ನನಗೆ ಕೊಟ್ಟಿರಲಿಲ್ಲ. ಇಂದು ಮೊದಲ ಹೋಳು ನನ್ನ ತಾಟಿಗೆ ಬಂತು.

ತಿಂದೆ. ಬಹಳ ಸಿಹಿ ಇತ್ತು. ಈ ವರ್ಷದ್ದು ಇನ್ನೂ ಚಲೋ ಅದೆ ಎನ್ನಲು ಅವನೊಬ್ಬ ಇರಬೇಕಿತ್ತು...