ಇಪ್ಪತ್ತು ಕಮ್ಮಿ ತೋರಿಸಿದ ಮಿಷನ್ನು

ಬಿ.ಪಿ. ನೋಡಲು ಸ್ಟೆತಾಸ್ಕೋಪನ್ನು ಕಿವಿಗಿಟ್ಟ ಕೂಡಲೇ ಸಿಸ್ಟರಮ್ಮನ ಕೆಳತುಟಿ ಹಲ್ಲಿನಡಿ ಸಿಕ್ಕಿಕೊಳ್ಳುತ್ತಿತ್ತು. ಪಾದರಸ ಪೂರ್ತಿ ಇಳಿಯುವವರೆಗೂ ಅದಕ್ಕೆ ಬಿಡುಗಡೆಯಿಲ್ಲ.

ಬೇಲೂರು ತಾಲ್ಲೂಕಿನ ಆ ಚಿಕ್ಕ ಆಸ್ಪತ್ರೆಗೆ ನಾನು ಡಾಕ್ಟರಾಗಿ ಹೋದಾಗ, ಅಲ್ಲಿ ನರ್ಸಾಗಿದ್ದ ಅವರ ನಿವೃತ್ತಿಗೆ ಎರಡು ವರ್ಷವಿತ್ತು. ಓಡೋಡಿ ಬಂದವರ ತೋಳಿಗೆ ಅವರು ಕೂಡಲೇ ಪಟ್ಟಿ ಸುತ್ತುತ್ತಿರಲಿಲ್ಲ. “ಐದು ನಿಮಿಷ ಸುಮ್ನೆ ಕೂತ್ಕೊಳಮ್ಮ. ಈಗ ನೋಡುದ್ರೆ ನಿನ್ ಬಿ.ಪಿ. ಅಲ್ಲ, ಬಸ್ಸಿಂದು ಬತ್ತದೆ” ಎನ್ನುವರು. ಸಾಲು ಬೆಳೆಯುತ್ತಿತ್ತು, ನನಗೆ ಸಿಟ್ಟು ಬರುತ್ತಿತ್ತು.

ಡಿಜಿಟಲ್ ಮಿಷನ್ನು ಬಂದ ದಿನ ಪಾದರಸದ್ದನ್ನು ನಾನೇ ಬೀರುವಿಗೆ ಹಾಕಿಸಿದೆ. ಕೆಲವು ತಿಂಗಳ ಮೇಲೆ ಸಿಸ್ಟರಮ್ಮ ಬಂದು, “ಸಾರ್, ಇದು ಇಪ್ಪತ್ತು ಕಮ್ಮಿ ತೋರಿಸ್ತಾ ಐತೆ. ಹಳೇದ್ರ ಜೊತೆ ತಾಳೆ ನೋಡಿದೀನಿ” ಎಂದರು.

“ವಯಸ್ಸಾದ ಮೇಲೆ ಕಿವಿ ಮಂದ ಆಗುತ್ತೆ ಸಿಸ್ಟರ್” ಎಂದೆ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ. ಕೆಲವರು ನಕ್ಕರು. ಸಿಸ್ಟರಮ್ಮ ಮುಂದಿನವರನ್ನು ಕರೆದರು.

ಅದೇ ವಾರ ಹಳೇಬೀಡಿನ ದೇವಸ್ಥಾನದ ಮುಂದೆ ಎಳನೀರು ಮಾರುವವರೊಬ್ಬರು ಬಂದಿದ್ದರು. ಮಿಷನ್ನಿನ ಅಂಕಿ ನೋಡಿ, ಬಿ.ಪಿ. ಹಿಡಿತಕ್ಕೆ ಬಂತೆಂದು ಅವರ ಮಾತ್ರೆಯನ್ನು ಅರ್ಧಕ್ಕಿಳಿಸಿದೆ. ತಿಂಗಳೊಳಗೆ ಅವರನ್ನು ಆಟೋದಲ್ಲಿ ಮಲಗಿಸಿಕೊಂಡು ತಂದರು. ಬಾಯಿ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು.

“ಮಾತ್ರೆ ತಪ್ಪಿಸಿದ್ದಾರೆ” ಎಂದೆ ಅವರ ಹೆಂಡತಿಗೆ. ಯೋಚಿಸದೆಯೇ ಬಾಯಿಂದ ಬಂತು.

“ನಾನೇ ಕೊಡ್ತಿದ್ದೆ ಸ್ವಾಮಿ...” ಎಂದು ಆಕೆ ಗಂಡನ ಮುಖ ನೋಡಿದರು.

ಆಂಬುಲೆನ್ಸ್ ಹಾಸನಕ್ಕೆ ಹೊರಟ ಮೇಲೆ ಸಿಸ್ಟರಮ್ಮ ಎರಡೂ ಉಪಕರಣಗಳನ್ನು ನನ್ನ ಮೇಜಿನ ಮೇಲಿಟ್ಟರು. “ಕೈ ಕೊಡಿ ಸಾರ್.” ಮಿಷನ್ನು ನೂರಿಪ್ಪತ್ತೆಂಟು ಎಂದಿತು. ಕೊಂಚ ಹೊತ್ತು ಬಿಟ್ಟು ಪಾದರಸದ್ದರ ಪಟ್ಟಿ ಸುತ್ತಿ, ಸ್ಟೆತಾಸ್ಕೋಪನ್ನು ನನ್ನ ಕಿವಿಗೇ ಇಟ್ಟರು. “ನನ್ ಕಿವಿ ಬ್ಯಾಡ. ನೀವೇ ಕೇಳಿ.”

ಪಾದರಸ ನೂರನಲವತ್ತೆಂಟಕ್ಕೆ ಇಳಿದಾಗಲೇ ಬಡಿತ ಶುರುವಾಯಿತು. ಮಿಷನ್ನು ಹೇಳಿದ್ದಕ್ಕಿಂತ ಸರಿಯಾಗಿ ಇಪ್ಪತ್ತು ಹೆಚ್ಚು.

“ಆಯಮ್ಮಂಗೆ ನಿಜ ಹೇಳ್ಬುಡಿ ಸಾರ್. ನಾನೇಳುದ್ರೆ ಚಾಡಿ ಆಯ್ತದೆ.”

ಮಿಷನ್ನನ್ನು ವಾಪಸು ಕಳಿಸಿದೆ. ನಿಜವನ್ನು ಮಾತ್ರ ಹೇಳಲಿಲ್ಲ. ಸಿಸ್ಟರಮ್ಮ ಮತ್ತೆ ಕೇಳಲೂ ಇಲ್ಲ. ಪ್ರತಿ ಬೆಳಿಗ್ಗೆ ಅವರ ನಮಸ್ಕಾರಕ್ಕೆ ತಲೆ ತಗ್ಗಿಸಿಕೊಂಡೇ ಉತ್ತರಿಸುತ್ತಿದ್ದೆ.

ಕಳೆದ ವರ್ಷ ಅರಸೀಕೆರೆಯ ತಮ್ಮ ಮನೆಯಲ್ಲಿ ಅವರು ತೀರಿಕೊಂಡಾಗ ನೋಡಲು ಹೋದೆ. ಅಂಗಳದಲ್ಲಿ ಆ ಎಳನೀರಿನವರ ಹೆಂಡತಿ ಅಳುತ್ತ ನಿಂತಿದ್ದರು. ನಿವೃತ್ತಿಯಾದ ಮೇಲೂ ಸಿಸ್ಟರಮ್ಮ ತಿಂಗಳಿಗೊಮ್ಮೆ ಬಸ್ಸು ಹತ್ತಿ ಹಳೇಬೀಡಿಗೆ ಹೋಗಿ, ಆಕೆಯ ಗಂಡನ ಬಿ.ಪಿ. ನೋಡಿ ಬರುತ್ತಿದ್ದರಂತೆ. ನನ್ನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಅಲ್ಲೇ ನಿಂತು ಹೇಳಿದೆ: “ನಿಮ್ಮೆಜಮಾನರು ಮಾತ್ರೆ ತಪ್ಪಿಸಿರಲಿಲ್ಲಮ್ಮ. ಮಿಷನ್ನು ತಪ್ಪಾಗಿತ್ತು. ಸಿಸ್ಟರಮ್ಮ ಹೇಳಿದ್ರೂ ನಾನು ಕೇಳ್ಲಿಲ್ಲ. ಮಾತ್ರೆ ಕಮ್ಮಿ ಮಾಡಿದ್ದು ನಾನೇ.”

ಆಕೆ ನನ್ನನ್ನು ಬಯ್ಯಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಮಾತ್ರೇನ ಕದ್ದು ಉಗೀತಿದ್ರೇನೋ ಅಂತ ಇಷ್ಟು ವರ್ಷ ನಮ್ಮೆಜಮಾನ್ರನ್ನೇ ಬೈಕಂಡು ಬಂದ್ನಲ್ಲ ಸ್ವಾಮಿ” ಎಂದರು.