ಕೊಕ್ಕರೆ ಬಸ್ಸಿನ ಪೇಂಟರ್

ಮೀರಾಹುಸೇನ ಕಲಿತದ್ದು ಮೂರನೇ ಇಯತ್ತೆಯವರೆಗೆ. ರಾಯಚೂರಿನ ಗಂಜ್ ಮಾರುಕಟ್ಟೆಯ ಹತ್ತಿರ ತಗಡಿನ ಗೂಡಿನಲ್ಲಿ ಕೂತು ಕನ್ನಡ, ಉರ್ದು, ತೆಲುಗು ಮೂರರಲ್ಲೂ ಬೋರ್ಡು ಬರೆಯುತ್ತಿದ್ದ. ಮೂರನ್ನೂ ತಡವರಿಸಿಯೇ ಓದುತ್ತಿದ್ದ. ಅದಕ್ಕೆ ಯಾರಾದರೂ ನಕ್ಕರೆ ಬ್ರಷ್ಷನ್ನು ಅವರ ಬಿಳಿ ಅಂಗಿಗೇ ಒರೆಸಿ ಕಳಿಸುತ್ತಿದ್ದ. ಸರಿಯಾಗಿಯೇ ಮಾಡುತ್ತಿದ್ದ.

ಎಪ್ಪತ್ತೊಂಬತ್ತರಲ್ಲಿ ಅಕ್ಕಿ ಗಿರಣಿಯ ಶಂಭುಲಿಂಗಪ್ಪ ಟ್ರಾವೆಲ್ಸ್ ಕಂಪನಿ ತೆಗೆದ. ರಾಯಚೂರಿನಿಂದ ಮಾನ್ವಿ, ಅಲ್ಲಿಂದ ಕವಿತಾಳದ ಮೇಲೆ ದೇವದುರ್ಗ. ಮೂರು ಹೊಸ ಬಸ್ಸು. ಕಂಪನಿಗೊಂದು ಗುರುತು ಬೇಕು, ಓಡುವ ಕುದುರೆ ಬರೆ ಎಂದ. ಮೀರಾಹುಸೇನ ಒಪ್ಪಲಿಲ್ಲ. ಬಸ್ಸು ಹತ್ತುವವರು ಸಂತೆಯ ಹೆಂಗಸರು, ಅವರಿಗೆ ಅಕ್ಷರ ಬಾರದು, ಧೂಳಿನಲ್ಲಿ ಇನ್ನೂರು ಮಾರು ದೂರದಿಂದ ಗುರುತು ಹತ್ತಬೇಕು ಎಂದು ವಾದಿಸಿದ. ಕುದುರೆ, ಕಮಲ, ಕೊಕ್ಕರೆ ಹೀಗೆ ಮೂರು ತಗಡು ಬರೆದು ಮಾನ್ವಿ ಬಸ್ ನಿಲ್ದಾಣದ ಬೇವಿನ ಮರಕ್ಕೆ ತೂಗುಹಾಕಿದ. ದೂರದಲ್ಲಿ ಕೂತ ಮುದುಕಿಯರನ್ನು ಏನು ಕಾಣುತ್ತದೆ ಎಂದು ಕೇಳುತ್ತಾ ಹೋದ. ಕುದುರೆಯನ್ನು ಒಬ್ಬಳು ಕತ್ತೆ ಅಂದಳು, ಇನ್ನೊಬ್ಬಳು ನಾಯಿ ಅಂದಳು. ಕಮಲವನ್ನು ಉಳ್ಳಾಗಡ್ಡಿ ಅಂದರು. ಕೊಕ್ಕರೆಯನ್ನು ಮಾತ್ರ ಎಲ್ಲರೂ ಕೊಕ್ಕರೆ ಅಂದರು. ಕಾಲುವೆ ನೀರು ಬಂದ ಮೇಲೆ ಭತ್ತದ ಗದ್ದೆಗಳಲ್ಲಿ ದಿನಾ ನೋಡುವ ಹಕ್ಕಿ ಅದು.

ನೀಲಿ ಮೈ, ಬಿಳಿ ಹಕ್ಕಿ, ಹಿಂದಕ್ಕೆ ಚಾಚಿದ ಕಾಲು. ಬಸ್ಸು, ಟಿಕೀಟು, ಕಂಡಕ್ಟರನ ಅಂಗಿ, ಬುಕಿಂಗ್ ಆಫೀಸಿನ ಬಾಗಿಲು ಎಲ್ಲದಕ್ಕೂ ಅದೇ ನೀಲಿ. ಕಂಪನಿಗೆ ಶಂಭುಲಿಂಗಪ್ಪ ಇಟ್ಟಿದ್ದ ತಾಯಿಯ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಕೊಕ್ಕರಿ ಬಸ್ಸು ಅಂದರೆ ಹೊಸ ಬಸ್ಸು, ನಡುದಾರಿಯಲ್ಲಿ ಕೈಕೊಡದ ಬಸ್ಸು ಎಂದಾಯಿತು. ಬೇರೆ ಬಸ್ಸು ಖಾಲಿ ನಿಂತಿದ್ದರೂ ಜನ ಬಿಸಿಲಲ್ಲಿ ಇದಕ್ಕೆ ಕಾಯುತ್ತಿದ್ದರು. ಮೀರಾಹುಸೇನ ಆಗಾಗ ಕೆಲಸವಿಲ್ಲದಿದ್ದರೂ ಮಾನ್ವಿಗೆ ಹೋಗಿ, ಅವರು ಕಾಯುವುದನ್ನು ನೋಡಿ ಬರುತ್ತಿದ್ದ.

ಐದು ವರ್ಷದಲ್ಲಿ ಬಸ್ಸು ಐದಾದವು. ಆರನೆಯದು ಹೊಸದಲ್ಲ. ಕರ್ನೂಲಿನ ಕಡೆ ಮೂಲೆಗೆ ಬಿದ್ದಿದ್ದ ಗಾಡಿ. ಬಣ್ಣ ಕೆರೆಯುವಾಗ ಮೀರಾಹುಸೇನ ಕೆಳಗೆ ನುಸುಳಿ ನೋಡಿದ. ಗಾಡಿಯ ಭಾರ ಹೊರುವ ಚಾಸಿಯ ಹಿಂಬದಿಯಲ್ಲಿ ಬೆರಳು ಹೋಗುವಷ್ಟು ಬಿರುಕು. ಶಂಭುಲಿಂಗಪ್ಪನಿಗೆ ತೋರಿಸಿದ. ನೀನು ಪೇಂಟರ್, ಮೇಸ್ತ್ರಿ ಅಲ್ಲ, ತಪಾಸಣೆಗೆ ಬರುವ ಸಾಹೇಬನ ಕಣ್ಣಿಗೆ ಬೀಳದಂತೆ ಮುಚ್ಚು ಎಂದ ಆ ಮನುಷ್ಯ. ಮೀರಾಹುಸೇನ ಒಂದು ದಿನ ಮುನಿಸಿಕೊಂಡು ಗೂಡಿನಲ್ಲೇ ಕೂತ. ತಾನು ಬಿಟ್ಟರೆ ಕೊಕ್ಕರೆಯನ್ನು ಬೇರೆ ಯಾವನೋ ಬರೆಯುತ್ತಾನೆ ಎಂಬ ಉರಿ ಒಳಗೆ. ಮರುದಿನ ಹೋಗಿ ಬಿರುಕಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಕರಿ ಬಣ್ಣ ಎಳೆದ. ಆಮೇಲೆ ಹಕ್ಕಿ ಬರೆದ. ಆರರಲ್ಲಿ ಅದೇ ಬಲು ಚೆಂದ ಮೂಡಿತ್ತು. ಹಾಳು ಕೈ.

ಎರಡು ತಿಂಗಳಿಗೆ ಒಂದು ಬೆಳಿಗ್ಗೆ ಕಂಪನಿಯ ಗುಮಾಸ್ತ ಹನುಮಂತ್ರಾಯ ಜೀಪು ತಂದು ಗೂಡಿನ ಮುಂದೆ ನಿಲ್ಲಿಸಿದ. ಕವಿತಾಳದ ಹತ್ತಿರ ಬಸ್ಸು ಕಾಲುವೆಗೆ ಬಿದ್ದಿದೆ, ಪೊಲೀಸರು ಫೋಟೋ ತೆಗೆಸುವುದರೊಳಗೆ ಎರಡೂ ಕಡೆಯ ಕೊಕ್ಕರೆ ಅಳಿಸಬೇಕು, ಸಾಹುಕಾರರ ಮಾತು ಎಂದ. ಮೀರಾಹುಸೇನ ಯಾವ ಬಸ್ಸು ಎಂದು ಕೇಳಲಿಲ್ಲ. ಕರಿ ಬಣ್ಣದ ಡಬ್ಬಿ ಹಿಡಿದು ಹತ್ತಿದ.

ಬಸ್ಸಿನ ಮೂತಿ ನೀರಿನಲ್ಲಿತ್ತು, ಹಿಂಭಾಗ ದಂಡೆಯ ಮೇಲೆ. ಚಾಸಿ ಪುಟ್ಟಿ ತುಂಬಿದ ಜಾಗದಲ್ಲೇ ಎರಡಾಗಿತ್ತು. ತೆಗೆದ ಏಳು ಹೆಣಗಳನ್ನು ಜಾಲಿ ನೆರಳಲ್ಲಿ ಮಲಗಿಸಿದ್ದರು. ನೀರಿನೊಳಗೆ ಇನ್ನೂ ಹುಡುಕುತ್ತಿದ್ದರು. ಹನುಮಂತ್ರಾಯ ಅವಸರಿಸಿದ. ಮೀರಾಹುಸೇನ ಬ್ರಷ್ಷು ಅದ್ದಿ ಹಕ್ಕಿಯ ಕಾಲಿನ ಮೇಲೆ ಒಂದು ಗೆರೆ ಎಳೆದ. ಆಗ ಕವಿತಾಳದ ಚನ್ನಮಲ್ಲಮ್ಮ ಬಂದಳು. ತುಂಬಿದ ಬಸುರಿ ಸೊಸೆ ಸೂಗಮ್ಮನನ್ನು ಬೆಳಿಗ್ಗೆ ದೇವದುರ್ಗದ ತವರಿಗೆ ಕಳಿಸಿದ್ದಳಂತೆ. ಹೆಣಗಳಲ್ಲಿ ಸೊಸೆ ಇರಲಿಲ್ಲ. ಎದುರಿಗಿದ್ದ ಹಕ್ಕಿಯನ್ನು ಕಂಡೂ ನಂಬಲಾರದೆ ಪೇಂಟರನನ್ನು ಕೇಳಿದಳು.

"ಯಪ್ಪಾ, ಇದು ಬ್ಯಾರೆ ಬಸ್ಸ್ ಹೌದಲ್ಲೋ? ಕೊಕ್ಕರಿದು ಬರೂತನಕ ಹತ್ತಬ್ಯಾಡ ಅಂತ ಹೇಳಿ ಕಳಿಸೀನಿ ನಾ. ಆಕಿ ನನ್ನ ಮಾತು ಮೀರಂಗಿಲ್ಲ."

ಹನುಮಂತ್ರಾಯ ಹೌದು ಹೌದು, ಬೇರೆ ಬಸ್ಸು, ಮನೆಗೆ ಹೋಗವ್ವ ಎಂದ. ಮುದುಕಿಯ ಕಣ್ಣು ಪೇಂಟರನ ಮೇಲೇ ಇತ್ತು. ಅವನು ಕೈಯಲ್ಲಿದ್ದ ಡಬ್ಬಿಯನ್ನು ಕಾಲುವೆಗೆ ಒಗೆದ.

"ಕೊಕ್ಕರಿದs ಅದ, ಯವ್ವಾ. ನಾನs ಬರದೀನಿ. ಕೆಳಗ ಚಾಸಿ ಬಿರುಕ ಬಿಟ್ಟಿತ್ತು. ಅದಕ್ಕ ಪುಟ್ಟಿ ತುಂಬಿದಾಂವನೂ ನಾನs."

"ಗೊತ್ತಿದ್ದು ಬರದಿ?"

"ಹೂಂ. ಗೊತ್ತಿದ್ದು."

ಅವಳು ಹೋಗಿ ನೀರಿನ ಅಂಚಿಗೆ ಕೂತಳು. ಮಧ್ಯಾಹ್ನದ ಹೊತ್ತಿಗೆ ಸೂಗಮ್ಮನ ಹೆಣ ಸಿಕ್ಕಿತು.

ಮೀರಾಹುಸೇನ ಪೊಲೀಸರ ಮುಂದೆಯೂ ಅದನ್ನೇ ಹೇಳಿ ಸಹಿ ಹಾಕಿದ. ಶಂಭುಲಿಂಗಪ್ಪ ಬೇರೆಯೇ ಹೇಳಿಕೆ ಬರೆಸಿದ: ಆ ಗಾಡಿ ಗುಜರಿಗೆಂದು ಇಟ್ಟದ್ದು, ಪೇಂಟರ್ ಕೇಳದೆ ಕೊಕ್ಕರೆ ಬರೆದ, ಡ್ರೈವರ್ ಮೋಸಹೋಗಿ ರಸ್ತೆಗೆ ತಂದ. ಡ್ರೈವರ್ ಸತ್ತಿದ್ದ. ನಂಬುವವರು ನಂಬಿದರು, ಗಿರಣಿಯ ಅಕ್ಕಿ ತಿನ್ನುವ ಬಾಯಿಗಳು. ಮೀರಾಹುಸೇನ ಹನ್ನೊಂದು ತಿಂಗಳು ಜೈಲಿನಲ್ಲಿದ್ದು ಬಂದ. ಅಷ್ಟರಲ್ಲಿ ಉಳಿದ ಬಸ್ಸುಗಳಿಗೆ ಹೈದರಾಬಾದಿನಿಂದ ಬಂದ ಯಾವನೋ ಕೆಂಪು ಸೂರ್ಯ ಬರೆದಿದ್ದ. ಜನ ಅದಕ್ಕೂ ಕಾಯತೊಡಗಿದ್ದರು.

ಅವನು ಮತ್ತೆ ಬ್ರಷ್ಷು ಹಿಡಿಯಲಿಲ್ಲ. ಸಂತೆಯ ದಿನ ಮಾನ್ವಿಗೆ ಹೋಗಿ, ನಿಂತ ಬಸ್ಸುಗಳ ಕೆಳಗೆ ನುಸುಳಿ ಚಾಸಿಗೆ ಸುತ್ತಿಗೆಯಿಂದ ಬಡಿದು ನೋಡುತ್ತಿದ್ದ. ಡ್ರೈವರುಗಳು ಕಾಲು ಹಿಡಿದು ಹೊರಗೆಳೆದು ಹೊಡೆಯುತ್ತಿದ್ದರು. ಒಮ್ಮೆ ಹಾಗೆ ಹೊರಬಂದಾಗ ಎದುರಿಗೆ ಚನ್ನಮಲ್ಲಮ್ಮ ಗಂಟು ಹಿಡಿದು ನಿಂತಿದ್ದಳು.

"ಇದು ಗಟ್ಟಿ ಅದ ಯವ್ವಾ, ಹತ್ತು," ಎಂದ.

ಅವಳು ಗಂಟನ್ನು ತಲೆಗೇರಿಸಿಕೊಂಡು ಕವಿತಾಳದ ದಾರಿ ಹಿಡಿದು ನಡೆದೇ ಹೋದಳು.